ಸೀಸರನದು ಸೀಸರನ ಮನೆಗೆ

ಬೆಳಗ್ಗೆ ಆರಕ್ಕೆ ಹಾಲು ತರಲು ಹೊರಟವನ ಬಲಗಾಲು, ಗೇಟಿನಿಂದ ಹತ್ತು ಹೆಜ್ಜೆ ದಾಟುವುದರೊಳಗೆ ಮೆತ್ತಗೆ ಕೂತಿತು. ಇಂಥ ವಿಷಯದಲ್ಲಿ ಕಣ್ಣಿಗಿಂತ ಕಾಲಿಗೆ ಬುದ್ಧಿ ಚುರುಕು. ಕೆಸರಾದರೆ ಜಾರುತ್ತದೆ, ಬಾಳೆಹಣ್ಣಿನ ಸಿಪ್ಪೆಯಾದರೆ ಎಳೆದುಕೊಂಡೇ ಹೋಗುತ್ತದೆ. ಇದು ಹಾಗಲ್ಲ, ಅಪ್ಪಿಕೊಳ್ಳುತ್ತದೆ.

ಹವಾಯಿ ಚಪ್ಪಲಿಯ ಅಡಿಗೆ ಅಲೆ ಅಲೆಯಾಗಿ ಗೆರೆ ಕೊರೆದವನು ಯಾರೋ, ಅವನ ಬೀದಿಯಲ್ಲಿ ನಾಯಿಗಳಿರಲಿಲ್ಲ ಅಂತ ಕಾಣುತ್ತದೆ. ಫುಟ್‌ಪಾತಿನ ಅಂಚಿಗೆ ಉಜ್ಜಿದೆ, ಹುಲ್ಲಿಗೆ ಒರೆಸಿದೆ, ಹೊಂಗೆ ಕಡ್ಡಿ ಮುರಿದು ಒಂದೊಂದೇ ಗೆರೆ ಕೆರೆದೆ. ಗೆರೆಯಲ್ಲಿದ್ದದ್ದು ಕಡ್ಡಿಗೆ ಬಂತು, ಕಡ್ಡಿಯಿಂದ ಬೆರಳಿಗೆ ಬಂತು. ಹಾಲಿನ ಬೂತಿನವನು ಚಿಲ್ಲರೆ ತಗೊಳ್ಳುವಾಗ ಮೂಗರಳಿಸಿ, ಪಾಪ, ತನ್ನ ಹಾಲಿನ ಕ್ರೇಟನ್ನೇ ಅನುಮಾನದಿಂದ ನೋಡಿದ. ಮನೆ ಮುಂದೆ ರಂಗೋಲಿ ಹಾಕುತ್ತಿದ್ದ ನನ್ನಾಕೆ ತಲೆಯೆತ್ತದೆಯೇ "ರೀ, ಅಲ್ಲೇ ನಿಲ್ಲಿ" ಎಂದಳು. ಹಾಲಿಗೆ ಮನೆಯೊಳಗೆ ಪ್ರವೇಶ ಸಿಕ್ಕಿತು. ನನಗೆ ಹಿತ್ತಲ ನಲ್ಲಿಯ ದಾರಿ.

ಬನಶಂಕರಿ ಕಡೆಯ ನಮ್ಮ ಅಡ್ಡರಸ್ತೆಯಲ್ಲಿ ಇಂಥದ್ದು ನಡೆದಾಗ ಬೆರಳು ತಾನಾಗಿ ಮೂಲೆಮನೆ ರಾಯರ ಕಡೆ ತಿರುಗುತ್ತದೆ. ರಾಯರದು ಲ್ಯಾಬ್ರಡಾರ್, ಹೆಸರು ಸೀಸರ್. ಬೆಳಗ್ಗೆ ಸೀಸರ್ ರಾಯರನ್ನು ವಾಕಿಂಗಿಗೆ ಎಳೆದುಕೊಂಡು ಹೋಗುತ್ತದೆ. ಯಾರ ಮನೆ ಮುಂದಾದರೂ ಅದು ನೆಲ ಮೂಸಿ, ಎರಡು ಸುತ್ತು ತಿರುಗಿ, ಬೆನ್ನು ಕಮಾನು ಮಾಡಿತೋ, ರಾಯರು ಚೈನು ಹಿಡಿದುಕೊಂಡೇ ಕತ್ತೆತ್ತಿ ಕರೆಂಟು ತಂತಿ ಎಣಿಸಲು ಶುರು ಮಾಡುತ್ತಾರೆ. ನಾಯಿಯ ಕೆಲಸ ಮುಗಿಯುವುದಕ್ಕೂ ರಾಯರ ಎಣಿಕೆ ಮುಗಿಯುವುದಕ್ಕೂ ಒಂದು ಕ್ಷಣದ ವ್ಯತ್ಯಾಸವೂ ಇರುವುದಿಲ್ಲ. ಇಪ್ಪತ್ತು ವರ್ಷ ಜೊತೆಯಲ್ಲಿ ನುಡಿಸಿದ ಪಿಟೀಲು, ಮೃದಂಗದವರಿಗೂ ಈ ಹೊಂದಾಣಿಕೆ ಬರುವುದು ಕಷ್ಟ.

ಇದೇ ರಾಯರು ನ್ಯೂಜೆರ್ಸಿಯ ಮಗನ ಮನೆಯಲ್ಲಿ ಆರು ತಿಂಗಳು ಇದ್ದು ಬಂದವರು. ಅಲ್ಲೂ ನಾಯಿ ತಿರುಗಿಸುವ ಕೆಲಸ ಇವರದೇ. "ಅಲ್ಲಿ ಕೈಗೆ ಪ್ಲಾಸ್ಟಿಕ್ ಕವರ್ ಹಾಕ್ಕೊಂಡು ಬಿಸಿ ಬಿಸಿಯಾಗೇ ಎತ್ತಬೇಕು ಸಾರ್. ಪಕ್ಕದ ನ್ಯೂಯಾರ್ಕಲ್ಲಿ 1978ರಿಂದಲೇ ಕಾನೂನಿದೆ. ಆಹಾ, ಏನು ಶಿಸ್ತು!" ಎಂದು ಹೇಳುವಾಗ ಅವರ ಕಣ್ಣು ತುಂಬಿ ಬರುತ್ತದೆ. ಇಲ್ಲೂ ಸಾಕಿದವರೇ ಎತ್ತಬೇಕು ಅಂತ ನಿಯಮ ಇದೆಯಲ್ಲ ಎಂದೆ. "ಇಲ್ಲಿ ಎತ್ತಿದರೆ ನೋಡಿದವರು ನಗ್ತಾರೆ ಸಾರ್" ಎಂದರು. ಆಮೇಲೆ ಸಮಾಧಾನಕ್ಕೆ, "ಒಣಗಿದರೆ ಗೊಬ್ಬರ ತಾನೇ?" ಎಂದು ಸೇರಿಸಿದರು.

ಗೊಬ್ಬರವಲ್ಲ. ಹುಲ್ಲು ತಿನ್ನುವ ಹಸುವಿನ ಸಗಣಿಗೂ ಮಾಂಸ ತಿನ್ನುವ ನಾಯಿಯದಕ್ಕೂ ಅಜಗಜಾಂತರ. ಅದರಲ್ಲಿ ಕೊಕ್ಕೆಹುಳುವಿನ ಮೊಟ್ಟೆ ಇದ್ದರೆ ಮಣ್ಣಿನಲ್ಲಿ ಮರಿಯಾಗಿ ಬರಿಗಾಲಿನ ಚರ್ಮದಿಂದಲೇ ಒಳಗೆ ನುಗ್ಗುತ್ತದೆ. ದುಂಡುಹುಳುವಿನ ಮೊಟ್ಟೆಯಂತೂ ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕಿರುತ್ತದೆ. ಇಷ್ಟನ್ನೂ ವಿವರಿಸಿದೆ. ರಾಯರು ಗಂಭೀರವಾಗಿ ಕೇಳಿ, "ಹಾಗಾದರೆ ಅದು ಬೀದಿನಾಯಿಗಳದ್ದೇ ಇರಬೇಕು. ಸೀಸರಿಗೆ ಮೂರು ತಿಂಗಳಿಗೊಮ್ಮೆ ಹುಳುವಿನ ಮಾತ್ರೆ ಕೊಡ್ತೀವಿ" ಎಂದರು.

ಬೀದಿನಾಯಿಗಳ ಪರ ವಾದಿಸಲು 2025ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಘಟಾನುಘಟಿ ವಕೀಲರಿದ್ದರು. ನಮ್ಮ ಅಡ್ಡರಸ್ತೆಯಲ್ಲಿ ಮಾತ್ರ ಅವಕ್ಕೆ ಯಾರೂ ಗತಿಯಿಲ್ಲ. ಅದೇ ವರ್ಷ ಜುಲೈಯಲ್ಲಿ ಪಾಲಿಕೆಯವರು ಐದು ಸಾವಿರ ಬೀದಿನಾಯಿಗಳಿಗೆ ದಿನಾ ಚಿಕನ್ ಅನ್ನ ಹಾಕಲು ಟೆಂಡರ್ ಕರೆದ ಸುದ್ದಿಯನ್ನು ಪೇಪರಿನಲ್ಲಿ ಓದಿ ನನ್ನಾಕೆ ಕೇಳಿದ್ದಳು: "ತಿನ್ನಿಸೋಕೆ ಟೆಂಡರ್ ಕರೆದ್ರು, ಸರಿ. ಮುಂದಿನದಕ್ಕೆ ಯಾವಾಗ ಕರೀತಾರಂತೆ?"

ನಾನು ಕಾರ್ಯಾಚರಣೆಗೆ ಇಳಿದೆ. ಮೊದಲು ಬೋರ್ಡು. ಪೇಂಟರ್ ಮೂರು ಸಾಲು ಮಾಡಿ ಚೆನ್ನಾಗಿಯೇ ಬರೆದ: 'ಇಲ್ಲಿ ನಾಯಿಗಳನ್ನು / ಗಲೀಜಿಗೆ ಬಿಡ / ಬಾರದು'. ವಾರದೊಳಗೆ ಮೂರನೇ ಸಾಲಿನ ಮೇಲೆ ಯಾರೋ ಪಾಂಪ್ಲೆಟ್ ಅಂಟಿಸಿ ಹೋದರು, 'ಮೂಲವ್ಯಾಧಿಗೆ ಆಪರೇಷನ್ ಇಲ್ಲದೆ ಪರಿಹಾರ' ಅಂತ. ಮೇಲಿಂದ ಕೆಳಗೆ ಒಂದೇ ಉಸಿರಿಗೆ ಓದಿದವರಿಗೆ ಇದು ನಾಯಿಗಳ ಆಸ್ಪತ್ರೆ ಇರಬೇಕು ಅನ್ನಿಸುವಂತಿತ್ತು. ಆಮೇಲೆ ಗೇಟಿಗೆ ಕೆಂಪು ನೀರಿನ ಬಾಟಲಿ ಕಟ್ಟಿದೆ. ಕೆಂಪು ಕಂಡರೆ ನಾಯಿ ಬರುವುದಿಲ್ಲ ಅಂತ ಅರ್ಧ ಬೆಂಗಳೂರು ನಂಬಿದೆ. ಆದರೆ ನಾಯಿಗಳಿಗೆ ನೀಲಿ, ಹಳದಿ ಕಾಣುತ್ತದೆಯೇ ಹೊರತು ಕೆಂಪು ಸರಿಯಾಗಿ ಕಾಣುವುದೇ ಇಲ್ಲ. ಹಾಗೆಂದು ಕುಂಕುಮ ಚೆಲ್ಲಿ ಬಟ್ಟೆಯ ನೀಲಿ ಬೆರೆಸಿದೆ. ಸೀಸರ್ ಬಂದು, ಮೂಸಿ, ಬಾಟಲಿಗೇ ಕಾಲೆತ್ತಿತು. ಕಂಡಿತು ಅಂತಾಯಿತು.

ಕೊನೆಯ ಅಸ್ತ್ರ ದೇವರು.

ನಮ್ಮ ಎದುರಿನ ಖಾಲಿ ಸೈಟಿನ ಗೋಡೆ ಹಳೆಯ ಬ್ಲ್ಯಾಕ್ ಸ್ಪಾಟು. ಹಸಿ ಕಸಕ್ಕೆ ಹಸಿರು ಡಬ್ಬ, ಒಣ ಕಸಕ್ಕೆ ಚೀಲ ಅಂತ ಹೈಕೋರ್ಟೇ 2015ರಲ್ಲಿ ಕಡ್ಡಾಯ ಮಾಡಿದ್ದರೂ, ಕತ್ತಲಾದ ಮೇಲೆ ಸ್ಕೂಟರಿನಲ್ಲಿ ಬಂದು ಸ್ಲೋ ಕೂಡ ಮಾಡದೆ ಕವರ್ ಬೀಸಿ ಹೋಗುವವರಿಗೆ ಎಲ್ಲ ಕಸವೂ ಒಂದೇ. ಅದ್ವೈತಿಗಳು. ಟೈಲ್ಸ್ ಅಂಗಡಿಯಿಂದ ತಿಮ್ಮಪ್ಪ, ಗಣಪತಿ, ಯೇಸು, ಮೆಕ್ಕಾ ನಾಲ್ಕನ್ನೂ ತಂದು ಗೋಡೆಗೆ ಕೂರಿಸಿದೆ. ಪರಿಣಾಮ ನೋಡಿ ನನಗೇ ಭಕ್ತಿ ಹೆಚ್ಚಿತು. ಹತ್ತು ದಿನ ಆ ಗೋಡೆಯ ಬುಡದಲ್ಲಿ ಒಂದು ಟೀ ಕಪ್ಪೂ ಬೀಳಲಿಲ್ಲ.

ಹನ್ನೊಂದನೇ ದಿನ ಒಂದು ದಾಸವಾಳ ಕಾಣಿಸಿತು. ಆಮೇಲೆ ಊದುಬತ್ತಿ. ಆಮೇಲೆ ಗಾಜು ಒಡೆದ ಒಂದು ಲಕ್ಷ್ಮಿ ಫೋಟೊ. ಒಡೆದ ಫೋಟೊ ಮನೆಯಲ್ಲಿ ಇಡುವ ಹಾಗಿಲ್ಲ, ಕಸಕ್ಕೆ ಹಾಕುವ ಹಾಗೂ ಇಲ್ಲ, ಅರಳಿಕಟ್ಟೆ ದೂರ. ನಮ್ಮ ಗೋಡೆ ಹತ್ತಿರ. ಒಂದು ತಿಂಗಳಲ್ಲಿ ಎಂಟು ಫೋಟೊ, ಮುಕ್ಕಾದ ಎರಡು ಮಣ್ಣಿನ ಗಣಪತಿ, ಹಳೇ ಪಂಚಾಂಗ, ಮದುವೆಮನೆಯ ಒಣಗಿದ ಹಾರ. ಅಮಾವಾಸ್ಯೆಗೆ ದೃಷ್ಟಿ ತೆಗೆದ ಬೂದುಗುಂಬಳ ಬಂತು. ಶುಕ್ರವಾರ ದೊನ್ನೆಯಲ್ಲಿ ಚಿತ್ರಾನ್ನ ಬಂತು, ಶನಿವಾರ ಮೊಸರನ್ನ. ದೇವರು ತಿನ್ನಲಿಲ್ಲ. ಮೂರು ರಸ್ತೆಯ ನಾಯಿಗಳು ಬಂದು ತಿಂದವು. ತಿಂದಮೇಲೆ ಅವೂ ಪ್ರಾಣಿಗಳೇ, ಎಲ್ಲಿಗೆ ಹೋಗಬೇಕು?

ಆಗ ನನಗೆ ಇದು ಹೊಳೆಯಲಿಲ್ಲ. ತಲೆಯಲ್ಲಿ ಸೀಸರ್ ಮಾತ್ರ ಕೂತಿತ್ತು. 2025ರ ಅಕ್ಟೋಬರ್ ಕೊನೆಯಲ್ಲಿ ನಗರದ ಕಸ ನಿರ್ವಹಣೆಯವರು, ರಸ್ತೆಗೆ ಕಸ ಎಸೆದವರ ಮನೆ ಬಾಗಿಲಿಗೇ ಅದನ್ನು ವಾಪಸ್ ಸುರಿಯಲು ಹೊರಟರು. ಅದಕ್ಕೆ 'ಕಸ ಸುರಿಯುವ ಹಬ್ಬ' ಅಂತಲೇ ಹೆಸರಿಟ್ಟರು. ನಮ್ಮ ಜನಕ್ಕೆ ಹಬ್ಬ ಅಂದರೆ ಸಾಕಲ್ಲ. ನಾನೂ ಆಚರಿಸೋಣ ಅಂದುಕೊಂಡೆ.

ಮಾರನೇ ವಾರ ಒಂದು ದಿನ ಬೆಳಗಿನ ಐದೂವರೆಗೆ, ಗೇಟಿನ ಮುಂದಿದ್ದ ಹೊಸ ನಿವೇದನೆಯನ್ನು ರಟ್ಟಿನಿಂದ ಎತ್ತಿ ಹಳೇ ಪೇಪರಿನಲ್ಲಿ ಇಟ್ಟುಕೊಂಡು, ಲುಂಗಿ ಎತ್ತಿಕಟ್ಟಿ, ಮಂಕಿ ಕ್ಯಾಪ್ ಹಾಕಿಕೊಂಡು ಹೊರಟೆ. ರಾಯರ ಗೇಟಿನ ಮುಂದೆ ನಟ್ಟನಡುವೆ ಇಟ್ಟು, ಒಂದು ಹೆಜ್ಜೆ ಹಿಂದೆ ಸರಿದು ನೋಡಿ, ಸ್ವಲ್ಪ ಎಡಕ್ಕೆ ಸರಿಸಿದೆ ಕೂಡ. ಅಷ್ಟರಲ್ಲಿ ಮನೆಯೊಳಗೆ ಫೋನು ರಿಂಗಾಯಿತು. ಕಂಬದ ಮೇಲಿನ ಕ್ಯಾಮೆರಾವನ್ನು ರಾಯರ ಮಗ ಅಲ್ಲಿಂದಲೇ ನೋಡುತ್ತಾನೆ ಅಂತ ಯಾರಿಗೆ ಗೊತ್ತು? ನಮಗೆ ಬೆಳಗಿನ ಜಾವವಾದರೆ ಅವನಿಗೆ ರಾತ್ರಿ ಊಟದ ಹೊತ್ತು. "ಅಪ್ಪಾ, ಯಾರೋ ಕಳ್ಳ ಗೇಟಿನ ಹತ್ತಿರ ಮಾಟ ಮಾಡ್ತಿದ್ದಾನೆ" ಅಂದನಂತೆ. ಪಾಪ, ಅವನ ಊಟ ಏನಾಯಿತೋ.

ರಾಯರು ದೊಣ್ಣೆ ಹಿಡಿದು ಹೊರಬಂದರು. ನನ್ನನ್ನು ನೋಡಿದರು, ಪೇಪರ್ ನೋಡಿದರು, ಕನ್ನಡಕ ಹಾಕಿಕೊಂಡು ಬಗ್ಗಿ ಇನ್ನೊಮ್ಮೆ ನೋಡಿದರು. ಬೈಯಲಿಲ್ಲ.

"ಸಾರ್, ಇದರಲ್ಲಿ ಕಡಲೆಬೀಜ ಇದೆ."

ಇತ್ತು. ಇಡಿ ಇಡಿಯಾಗಿ, ಮೂರು.

"ನಮ್ಮ ಸೀಸರ್ ಚಿತ್ರಾನ್ನ ತಿನ್ನಲ್ಲ. ಅಲ್ಲದೆ ಸೋಮವಾರದಿಂದ ಮಗಳ ಮನೇಲಿದ್ದಾನೆ."

ಹಿಂದಿನ ದಿನ ಶುಕ್ರವಾರ. ಚಿತ್ರಾನ್ನ ಬಂದದ್ದು ನಾನು ಕೂರಿಸಿದ ದೇವರಿಗೆ. ರಾಯರು ನನ್ನ ಕೈಗೆ ಒಂದು ಪ್ಲಾಸ್ಟಿಕ್ ಕವರ್ ಕೊಟ್ಟರು, ನ್ಯೂಜೆರ್ಸಿಯಿಂದ ತಂದದ್ದು, ಕಟ್ಟು ಬಿಚ್ಚಿರಲೇ ಇಲ್ಲ. ಅದನ್ನು ಕೈಗೆ ಹೇಗೆ ತೊಡಿಸಿಕೊಳ್ಳಬೇಕು, ಎತ್ತಿದಮೇಲೆ ಹೇಗೆ ಒಳಹೊರಗು ಮಾಡಿ ಗಂಟು ಹಾಕಬೇಕು ಅಂತ ತೋರಿಸಿಕೊಟ್ಟರು. ಒಳ್ಳೆಯ ಮೇಷ್ಟರು. ಗುಡಿಸುವ ಅಕ್ಕ ಪೊರಕೆಗೆ ಒರಗಿಕೊಂಡು ನಿಂತು ನೋಡಿ, "ನಾನು ದಿನಾ ಒಂದಿಷ್ಟು ಮಣ್ಣು ಉದುರಿಸಿ ಎತ್ತಾಕ್ತೀನಿ ಸಾ, ನನಗ್ಯಾರೂ ಕವರ್ ಕೊಟ್ಟಿಲ್ಲ" ಎಂದಳು. ರಾಯರು ತಕ್ಷಣ ಮೇಲೆ ತಂತಿ ನೋಡಿದರು. ಈ ಸಲ ನಾನೂ ನೋಡಿದೆ.

ರಸ್ತೆಯ ಸಂಘದವರು ನನಗೆ ದಂಡ ಹಾಕಲಿಲ್ಲ. ಗೋಡೆ ಖಾಲಿ ಮಾಡಿ ಎಂದರು. ಕಸದ ಆಟೊ ಬಂದಾಗ ಎಂಟು ಫೋಟೊಗಳನ್ನೂ ಎದೆಗವಚಿಕೊಂಡು ಓಡಿದೆ. ಡ್ರೈವರ್ ಚಪ್ಪಲಿ ಬಿಟ್ಟು ಕೆಳಗಿಳಿದು, ಕೈಮುಗಿದು, ಕೇಳಿದ:

"ಇದು ಹಸಿ ಕಸಾನಾ, ಒಣ ಕಸಾನಾ ಸಾರ್?"

ಈಗ ಎಂಟೂ ನಮ್ಮ ಗ್ಯಾರೇಜಿನಲ್ಲಿ ಸ್ಕೂಟರ್ ಪಕ್ಕ ಸಾಲಾಗಿವೆ. ನನ್ನಾಕೆ ದಿನಾ ಒಂದೊಂದು ಹೂ ಇಡುತ್ತಿದ್ದಾಳೆ. ಹೋದ ಶುಕ್ರವಾರ ಗೇಟು ತೆಗೆಯಲು ಹೋದರೆ ಹೊರಗೆ ನಾಲ್ಕು ನಾಯಿಗಳು ಬಾಲ ಅಲ್ಲಾಡಿಸುತ್ತ ಕೂತಿದ್ದವು. ಸೀಸರ್ ಬಂದಿರಲಿಲ್ಲ.