ಪಾರ್ಮಾ ಅಂದರೆ ಯಾಕೆ ನಗುತ್ತಾರೆ?

2004ರಲ್ಲಿ ಗಂಡನ ಕೆಲಸದ ಬೆನ್ನಿಗೆ ಎಚ್-4 ವೀಸಾದಲ್ಲಿ ಅಮೆರಿಕಕ್ಕೆ ಹೋದವಳು ನಾನು. ಓಹಾಯೋ ರಾಜ್ಯದ ಕ್ಲೀವ್‌ಲ್ಯಾಂಡ್. ಮನೆ ಸಿಕ್ಕಿದ್ದು ಅದಕ್ಕೆ ಅಂಟಿಕೊಂಡಿರುವ ಪಾರ್ಮಾ ಅನ್ನುವ ಊರಿನಲ್ಲಿ. ಮಹಡಿ ಮೇಲೆ ನಾವು, ಕೆಳಗೆ ಓನರಮ್ಮ. ಎಲ್ಲಿ ಮನೆ ಅಂತ ಯಾರಾದರೂ ಕೇಳಿದಾಗ "ಪಾರ್ಮಾ" ಅಂದರೆ ಸಾಕು, ಐವತ್ತು ದಾಟಿದವರೆಲ್ಲ ಹುಬ್ಬು ಮೇಲೆತ್ತಿ "ಪಾಆಆರ್ಮಾ?!" ಅಂತ ರಾಗ ಎಳೆದು ನಗುತ್ತಿದ್ದರು. ಬ್ಯಾಂಕಿನಲ್ಲಿ ನಕ್ಕರು, ಲೈಬ್ರರಿಯಲ್ಲಿ ನಕ್ಕರು. ನನ್ನ ಉಚ್ಚಾರಣೆಯೇ ಸರಿಯಿಲ್ಲ ಅಂದುಕೊಂಡು ಬಚ್ಚಲಿನ ಕನ್ನಡಿ ಮುಂದೆ ನಿಂತು ಪಾರ್ಮಾ ಪಾರ್ಮಾ ಅಂತ ಹೇಳಿಕೊಂಡಿದ್ದೂ ಉಂಟು. ಗಂಡನನ್ನು ಕೇಳಿದರೆ "ಸುಮ್ನೆ ಇರು, ನಗೋರು ನಗ್ಲಿ" ಅಂತ ಲ್ಯಾಪ್‌ಟಾಪ್ ಒಳಗೆ ಹೋಗಿಬಿಡುತ್ತಿದ್ದ.

ಗುಟ್ಟು ಬಿಡಿಸಿ ಹೇಳಿದ್ದು ಓನರಮ್ಮ. ಪೋಲೆಂಡ್ ಮೂಲದ ಮನೆತನ, ಆಗ ಅವರಿಗೆ ಐವತ್ತೈದರ ಆಸುಪಾಸು. ನಾನು ಕೊಟ್ಟ ಉಪ್ಪಿಟ್ಟು ತಿನ್ನುತ್ತಾ ಕೂತಿದ್ದರು (ಉಪ್ಪಿಟ್ಟು ಇಷ್ಟ, ಕರಿಬೇವು ಮಾತ್ರ ಒಂದೊಂದೇ ಎತ್ತಿ ತಟ್ಟೆ ಅಂಚಿಗೆ ಸಾಲಾಗಿ ಜೋಡಿಸುತ್ತಿದ್ದರು). ಈ ನಗುವಿನ ವಿಷಯ ಎತ್ತಿದೆ. ಚಮಚ ಕೆಳಗಿಟ್ಟು, "ಅಯ್ಯೋ, ಅದು ಗೂಲಾರ್ಡಿ ಮಾಡಿಟ್ಟು ಹೋದ ಕೆಲಸ" ಅಂದರು. ಆಮೇಲೆ ಒಂದು ಗಂಟೆ ಅವರದ್ದೇ ಮಾತು.

ಅಮೆರಿಕದಲ್ಲಿ ಒಂದು ಕಾಲಕ್ಕೆ ಊರೂರಿನ ಟಿವಿ ಸ್ಟೇಷನ್‌ಗಳಲ್ಲಿ ಹಾರರ್ ಹೋಸ್ಟ್ ಅಂತ ಒಬ್ಬರು ಇರುತ್ತಿದ್ದರು. ವಾರಾಂತ್ಯದ ರಾತ್ರಿ ಸುದ್ದಿ ಮುಗಿದ ಮೇಲೆ ಹಳೇ ದೆವ್ವದ ಸಿನಿಮಾ ಹಾಕುತ್ತಿದ್ದರು. ಸಿನಿಮಾ ಶುರುವಾಗುವ ಮೊದಲು, ಜಾಹೀರಾತಿನ ಹಿಂದೆ ಮುಂದೆ, ವೇಷ ಹಾಕಿಕೊಂಡ ಈ ಮನುಷ್ಯ ಬಂದು ಜೋಕು ಹೊಡೆಯುತ್ತಿದ್ದ. ಇಷ್ಟೇ. ಕೇಳಿದರೆ ಏನೂ ಅಲ್ಲ ಅನ್ನಿಸುತ್ತದೆ ಅಲ್ವಾ? ಆದರೆ ಕ್ಲೀವ್‌ಲ್ಯಾಂಡ್‌ನಲ್ಲಿ ಇದು ಒಂದು ತಲೆಮಾರಿಗೆ ಹಿಡಿದ ಹುಚ್ಚು.

ಗೂಲಾರ್ಡಿ ಅಂದರೆ ಎರ್ನಿ ಆಂಡರ್ಸನ್. ಎಂಟನೇ ಚಾನೆಲ್‌ನಲ್ಲಿ ಅನೌನ್ಸರ್ ಆಗಿದ್ದವರು. 1963ರ ಜನವರಿಯಲ್ಲಿ ಡಾಕ್ಟರ ಬಿಳಿ ಕೋಟು, ಅಂಟಿಸಿದ ಗಡ್ಡ, ಒಂದು ಗಾಜು ಕಿತ್ತುಹೋದ ಕಪ್ಪು ಕನ್ನಡಕ ಹಾಕಿಕೊಂಡು ಶುಕ್ರವಾರ ರಾತ್ರಿ ಟಿವಿಯಲ್ಲಿ ಬಂದರು. ಬಂದವರು ಸಿನಿಮಾ ಹೊಗಳಲಿಲ್ಲ. ಇದು ಎಂಥ ಕೆಟ್ಟ ಸಿನಿಮಾ, ಹೋಗಿ ಮಲಗಿಕೊಳ್ಳಿ ಅಂದರು! ಯಾರೂ ಮಲಗಲಿಲ್ಲ. ಸಿನಿಮಾದಲ್ಲಿ ರಾಕ್ಷಸ ಅಟ್ಟಿಸಿಕೊಂಡು ಬರುತ್ತಿದ್ದಾನೆ ಅನ್ನಿ, ಅದೇ ಚಿತ್ರದೊಳಗೆ ಗೂಲಾರ್ಡಿ ನುಗ್ಗಿ ಅವನ ಮುಂದೆ ತಾನೂ ಓಡುತ್ತಿದ್ದ. ಕಂಪ್ಯೂಟರ್ ಇಲ್ಲದ ಕಾಲ, ಸ್ಟುಡಿಯೋದಲ್ಲಿ ಎಂಜಿನಿಯರ್ ಆಗಿದ್ದ ಚಕ್ ಶಡಾವ್ಸ್ಕಿ ಅನ್ನುವವರ ಕೈಚಳಕ ಅದು. ನೋಡುಗರು ಆಟಿಕೆ ಕಾರು, ಗೊಂಬೆ, ಏನೇನೋ ಕಳಿಸುತ್ತಿದ್ದರು. ಕಳಿಸಿದ್ದನ್ನೆಲ್ಲ ಈ ಮಹಾಶಯ ಪಟಾಕಿ ಇಟ್ಟು ಸ್ಟುಡಿಯೋದಲ್ಲೇ ಉಡಾಯಿಸುತ್ತಿದ್ದರು. ಒಮ್ಮೆ ಪರದೆಗೇ ಬೆಂಕಿ ಹತ್ತಿತ್ತಂತೆ.

ಮಾತಿನದ್ದೇ ಒಂದು ಭಾಷೆ. "ಸ್ಟೇ ಸಿಕ್", "ಟರ್ನ್ ಬ್ಲೂ", "ಓವಾ ಡೇ". ಬೈಗುಳದ 'ಫಿಂಕ್' ಅನ್ನು ಹಿಂದುಮುಂದು ಮಾಡಿ 'ಕ್ನಿಫ್'. ನಾವು ಚಿಕ್ಕವರಿದ್ದಾಗ ಪ್ರತಿ ಅಕ್ಷರಕ್ಕೂ ಕ ಸೇರಿಸಿ ಕ-ಭಾಷೆ ಮಾತಾಡಿ ದೊಡ್ಡವರ ತಲೆ ಕೆಡಿಸುತ್ತಿರಲಿಲ್ಲವೇ, ಹಾಗೇ. ಸೋಮವಾರ ಶಾಲೆಗೆ ಹೋದರೆ ಎಲ್ಲರ ಬಾಯಲ್ಲೂ ಅದೇ. ಶುಕ್ರವಾರ ನೋಡದೆ ಹೋದವನು ಗುಂಪಿನಿಂದ ಹೊರಗೆ.

ಇನ್ನು ಪಾರ್ಮಾ. ಆ ಊರಿನಲ್ಲಿ ಪೋಲೆಂಡ್, ಯುಕ್ರೇನ್, ಇಟಲಿ ಮೂಲದ ಕಾರ್ಮಿಕ ಕುಟುಂಬಗಳು ಜಾಸ್ತಿ. ಕಪ್ಪು ಶೂಗೆ ಬಿಳಿ ಸಾಕ್ಸ್, ಮನೆ ಮುಂದೆ ಗುಲಾಬಿ ಬಣ್ಣದ ಪ್ಲಾಸ್ಟಿಕ್ ಫ್ಲೆಮಿಂಗೋ ಹಕ್ಕಿ, ಮದುವೆಗೆ ಪೋಲ್ಕಾ ಸಂಗೀತ. ಗೂಲಾರ್ಡಿ ಇದನ್ನೇ ಹಿಡಿದುಕೊಂಡು ಗೇಲಿ ಮಾಡಿದ. ಪಾರ್ಮಾ ಅನ್ನುವ ಹೆಸರನ್ನೇ ಒಂದು ಜೋಕು ಮಾಡಿಬಿಟ್ಟ. ಆ ಊರಿನ ಮೇಲೆ ಒಂದು ಧಾರಾವಾಹಿ ತರಹದ ಅಣಕವನ್ನೂ ಮಾಡುತ್ತಿದ್ದ. ಕೊನೆಗೆ ಪಾರ್ಮಾದ ಅಧಿಕಾರಿಗಳು ತಕರಾರು ತೆಗೆದು ಅದನ್ನು ನಿಲ್ಲಿಸಬೇಕಾಯಿತು. ಜೋಕು ನಿಂತಿತು, ನಗು ನಿಲ್ಲಲಿಲ್ಲ. ನಲವತ್ತು ವರ್ಷದ ನಂತರ ತೀರ್ಥಹಳ್ಳಿ ಕಡೆಯಿಂದ ಬಂದ ನನ್ನ ಮೇಲೂ ಬಿತ್ತು ನೋಡಿ!

ನಿಮಗೆ ಬೇಜಾರಾಗುತ್ತಿರಲಿಲ್ಲವಾ ಅಂತ ಓನರಮ್ಮನನ್ನು ಕೇಳಿದೆ. ಅಪ್ಪನಿಗೆ ಆಗುತ್ತಿತ್ತು ಅಂದರು. ಅಪ್ಪ ಕಾರ್ಖಾನೆಯಲ್ಲಿ ದುಡಿದು ಬಂದು, ಬಿಳಿ ಸಾಕ್ಸ್ ಹಾಕಿಕೊಂಡೇ ಸೋಫಾದಲ್ಲಿ ಕೂತು, "ಇವನ್ಯಾರು ನಮ್ಮನ್ನು ಆಡಿಕೊಳ್ಳೋಕೆ" ಅಂತ ಬೈಯುತ್ತಿದ್ದರಂತೆ. ಆದರೆ ಟಿವಿ ಆಫ್ ಮಾಡುತ್ತಿರಲಿಲ್ಲ. ಹದಿನಾಲ್ಕು ವರ್ಷದ ಈಕೆ ಮೆಟ್ಟಿಲ ಮೇಲೆ ಕೂತು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಗುತ್ತಿದ್ದರು. ಟಿವಿಯಲ್ಲಿ ಬರುವ ಊರೆಲ್ಲ ನ್ಯೂಯಾರ್ಕ್, ಇಲ್ಲಾ ಹಾಲಿವುಡ್. ನಮ್ಮ ಊರಿನ ಹೆಸರು ಮೊದಲ ಸಲ ಟಿವಿಯಲ್ಲಿ ಕೇಳಿದ್ದು ಅವನ ಬಾಯಲ್ಲೇ ಅಂದರು. ಅದನ್ನು ಹೇಳುವಾಗ ಅವರ ಮುಖದಲ್ಲಿದ್ದದ್ದು ಸಿಟ್ಟೋ ಹೆಮ್ಮೆಯೋ ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಇದನ್ನು ಕೇಳುವಾಗ ನನಗೆ ನೆನಪಾಗಿದ್ದು ನಮ್ಮ ಕಡೆ ಮೇಳದ ಆಟ. ಕೊಯ್ಲು ಮುಗಿದ ಗದ್ದೆಯಲ್ಲಿ ರಾತ್ರಿಯಿಡೀ ಯಕ್ಷಗಾನ. ಎರಡು ಗಂಟೆ ಹೊತ್ತಿಗೆ ಅರ್ಧ ಜನ ಚಾಪೆ ಮೇಲೆ ಅಡ್ಡಾಗಿರುತ್ತಿದ್ದರು. ಆಗ ಬರುತ್ತಿದ್ದ ಹಾಸ್ಯಗಾರ. ಪ್ರಸಂಗ ಯಾವ ಪುರಾಣದ್ದೇ ಇರಲಿ, ಅವನ ಬಾಯಲ್ಲಿ ನಮ್ಮೂರ ಕೆಸರು ರಸ್ತೆ, ಸೊಸೈಟಿ ಎಲೆಕ್ಷನ್ನು, ಪಕ್ಕದೂರಿನವರ ಜಿಪುಣತನ ಎಲ್ಲ ಬರುತ್ತಿತ್ತು. ಸಂಜೆಯೇ ಚೌಕಿಯಲ್ಲಿ (ವೇಷ ಕಟ್ಟುವ ಜಾಗ) ಕೂತು ಊರವರ ಹತ್ತಿರ ಸುದ್ದಿ ಎಲ್ಲ ಕೇಳಿಟ್ಟುಕೊಂಡಿರುತ್ತಿದ್ದ. ಮಲಗಿದ್ದ ನಮ್ಮ ಅಜ್ಜಿ ಅದಕ್ಕೇ ಏಳುತ್ತಿದ್ದಳು. ಕೃಷ್ಣಾರ್ಜುನರ ಯುದ್ಧ ಎಲ್ಲ ಊರಿಗೂ ಒಂದೇ, ಆದರೆ ಆ ಜೋಕು ನಮಗೆ ಮಾತ್ರ. ಮಾರನೇ ರಾತ್ರಿ ಇನ್ನೊಂದು ಊರಿನಲ್ಲಿ ಅದನ್ನು ಹೇಳಿದರೆ ಒಬ್ಬರೂ ನಗುತ್ತಿರಲಿಲ್ಲ.

ಹಾರರ್ ಹೋಸ್ಟ್‌ಗಳ ಕಥೆಯೂ ಇಷ್ಟೇ ಅನ್ನೋದು ನನ್ನ ವಾದ. ಇವರನ್ನು ನೆನೆಸಿಕೊಳ್ಳುವವರು ವೇಷ, ಶವಪೆಟ್ಟಿಗೆ, ಜೇಡರ ಬಲೆ ಅಂತ ಮಾತಾಡುತ್ತಾರೆ. ವೇಷ ಬಿಡಿ. ಸಿನಿಮಾ ಎಲ್ಲ ಕಡೆ ಅದೇ ಇತ್ತು. 1957ರಲ್ಲಿ ಸ್ಕ್ರೀನ್ ಜೆಮ್ಸ್ ಕಂಪನಿ ಯುನಿವರ್ಸಲ್ ಸ್ಟುಡಿಯೋದ 52 ಹಳೇ ಸಿನಿಮಾಗಳನ್ನು 'ಶಾಕ್' ಅಂತ ಹೆಸರಿಟ್ಟು ಒಂದೇ ಕಟ್ಟಾಗಿ ದೇಶದ ಸ್ಟೇಷನ್‌ಗಳಿಗೆ ಮಾರಿತು. ಎಲ್ಲ ಊರಿಗೂ ಅದೇ ಡ್ರಾಕುಲಾ, ಅದೇ ಮಮ್ಮಿ. ಸಿನಿಮಾಗಳು ಗಿಡ್ಡ, ಎಷ್ಟೋ ಒಂದು ಗಂಟೆ ಚಿಲ್ಲರೆ, ಸ್ಲಾಟು ಉದ್ದ. ಆ ಹೊತ್ತು ತುಂಬಿಸಲು ಸ್ಟೇಷನ್ನಿನಲ್ಲೇ ಸಂಬಳಕ್ಕಿದ್ದ ಅನೌನ್ಸರನ್ನೋ ಹವಾಮಾನ ಹೇಳುವವರನ್ನೋ ಹಿಡಿದು ಮುಖಕ್ಕೆ ಬಿಳಿ ಬಳಿದು ಕೂರಿಸಿದರು. ಜುಗ್ಗತನದಿಂದ ಹುಟ್ಟಿದ ಕಲೆ ಇದು. ಫಿಲಡೆಲ್ಫಿಯಾದಲ್ಲಿ, ಆಮೇಲೆ ನ್ಯೂಯಾರ್ಕಿನಲ್ಲಿ ಜಾನ್ ಜಾಕರ್ಲಿ ಅನ್ನುವವರು ಹೂಕೋಸನ್ನು ಮೆದುಳು ಅಂತ ಇಟ್ಟುಕೊಂಡು ಆಪರೇಷನ್ ಮಾಡುತ್ತಿದ್ದರು. ಖರ್ಚು ಎಷ್ಟು ಹೇಳಿ? ಒಂದು ಹೂಕೋಸು.

ಇದಕ್ಕೂ ಮೊದಲು, 1954ರಲ್ಲೇ, ಲಾಸ್ ಏಂಜಲೀಸ್‌ನಲ್ಲಿ ವ್ಯಾಂಪೈರಾ ಬಂದಿದ್ದಳು. ನಿಜ ಹೆಸರು ಮೈಲಾ ನುರ್ಮಿ. ಕಪ್ಪು ಉಡುಪು, ಹೊಗೆಯೊಳಗಿಂದ ನಡೆದು ಬಂದು ಕಿಟಾರನೆ ಕಿರುಚುವುದು. ದೇಶವೆಲ್ಲ ಹೆಸರಾಯಿತು, ಆದರೆ ಕಾರ್ಯಕ್ರಮ ಒಂದೇ ವರ್ಷಕ್ಕೆ ಮುಗಿಯಿತು. ಮುಂದೆ ಮನೆಗಳಿಗೆ ಲಿನೋಲಿಯಂ ನೆಲಹಾಸು ಹಾಕುವ ಕೆಲಸ ಮಾಡಿ ಹೊಟ್ಟೆ ಹೊರೆದಳು. ಇಷ್ಟು ಪ್ರಸಿದ್ಧ ಹೆಣ್ಣಿನ ಒಂದೇ ಒಂದು ಪೂರ್ತಿ ಕಂತೂ ಇವತ್ತು ಉಳಿದಿಲ್ಲ. ಆಗ ಎಲ್ಲ ಲೈವ್. ಮುಂದೆ ವಿಡಿಯೋ ಟೇಪ್ ಬಂದಾಗಲೂ ದುಬಾರಿ ಅಂತ ಅದನ್ನೇ ಅಳಿಸಿ ಮತ್ತೆ ಬಳಸುತ್ತಿದ್ದರು. ಗೂಲಾರ್ಡಿಯದ್ದೂ ಅಲ್ಲಲ್ಲಿ ತುಣುಕು ಮಾತ್ರ. ಹಾಸ್ಯಗಾರನ ಜೋಕನ್ನು ಯಾರು ಬರೆದಿಟ್ಟಿದ್ದಾರೆ ಹೇಳಿ? ನಮ್ಮ ಅಜ್ಜಿ ಯಾಕೆ ಅಷ್ಟು ನಗುತ್ತಿದ್ದಳು ಅನ್ನೋದಕ್ಕೆ ನನ್ನ ಹತ್ತಿರ ಸಾಕ್ಷಿ ಇಲ್ಲ.

ಆಂಡರ್ಸನ್ 1966ರಲ್ಲಿ ಲಾಸ್ ಏಂಜಲೀಸ್‌ಗೆ ಹೋಗಿಬಿಟ್ಟರು. ಅಲ್ಲಿ ಎಬಿಸಿ ಚಾನೆಲ್ಲಿನ ದನಿಯಾದರು, ಒಳ್ಳೇ ದುಡ್ಡು ಮಾಡಿದರು. ಸಿನಿಮಾ ನಿರ್ದೇಶಕ ಪಾಲ್ ಥಾಮಸ್ ಆಂಡರ್ಸನ್ ಇವರ ಮಗ, ಅವರ ಕಂಪನಿಗೆ ಗೂಲಾರ್ಡಿ ಅಂತಲೇ ಹೆಸರು. ಕ್ಲೀವ್‌ಲ್ಯಾಂಡ್‌ನಲ್ಲಿ ಖಾಲಿಯಾದ ಜಾಗಕ್ಕೆ ಬಂದದ್ದು ಅದೇ ಎಂಜಿನಿಯರ್ ಚಕ್. ಅವರು 'ಬಿಗ್ ಚಕ್' ಆಗಿ, ಮೊದಲು ಹವಾಮಾನ ಹೇಳುತ್ತಿದ್ದ ಹೂಲಿಹಾನ್ ಜೊತೆ, 1979ರಿಂದ 'ಲಿಲ್ ಜಾನ್' ಜೊತೆ ನಡೆಸಿಕೊಂಡು ಬಂದರು. ಲಿಲ್ ಜಾನ್ ತುಂಬಾ ಕುಳ್ಳಗಿನವರು, ಹಗಲು ಹೊತ್ತು ಒಡವೆ ವ್ಯಾಪಾರ.

ನಾನು ಕಣ್ಣಾರೆ ನೋಡಿದ್ದು ಇವರನ್ನು. ಆಗ ಎಚ್-4 ವೀಸಾದಲ್ಲಿ ಕೆಲಸ ಮಾಡುವ ಹಾಗಿಲ್ಲ, ಕಾರು ಓಡಿಸಲು ಬರುವುದಿಲ್ಲ, ಹೊರಗೆ ಹಿಮ. ಹಗಲು ಮಲಗಿ ರಾತ್ರಿ ಎಚ್ಚರ ಇರುವ ಕೆಟ್ಟ ಅಭ್ಯಾಸ ಬಿದ್ದಿತ್ತು. ಗಂಡನ ಗೊರಕೆ ಒಂದು ಕಡೆ, ದನಿ ತಗ್ಗಿಸಿದ ಟಿವಿ ಒಂದು ಕಡೆ. ಒಬ್ಬ ಎತ್ತರದ ಮುದುಕ, ಒಬ್ಬ ಕುಳ್ಳ, ಹಳೇ ಅಗ್ಗದ ಸ್ಕಿಟ್ಟು. ಮೊದಮೊದಲು ಇದೇನು ಕರ್ಮ ಅನ್ನಿಸಿತು. ಅರ್ಧ ಜೋಕು ಅರ್ಥವೇ ಆಗುತ್ತಿರಲಿಲ್ಲ. ಆದರೆ ಒಂದು ರಾತ್ರಿ ಅವರು ಹೇಳಿದ ರಸ್ತೆ ನಮ್ಮ ಶಿವ ವಿಷ್ಣು ದೇವಸ್ಥಾನಕ್ಕೆ ಹೋಗುವ ರಸ್ತೆ (ಹೌದು, ಕ್ಲೀವ್‌ಲ್ಯಾಂಡ್ ಭಾಗದ ಆ ದೇವಸ್ಥಾನ ಇರುವುದೇ ಪಾರ್ಮಾದಲ್ಲಿ). ಆ ಜೋಕಿಗೆ ನಾನು ಒಬ್ಬಳೇ ಕೂತು ಜೋರಾಗಿ ನಕ್ಕೆ. ಗಂಡ ಎದ್ದು ಬಂದು "ಏನಾಯ್ತೇ?" ಅಂದ. ಆ ದೇಶದಲ್ಲಿ ನನಗೆ ಅರ್ಥವಾದ ಮೊದಲ ಸ್ಥಳೀಯ ಜೋಕು ಅದು. ಅಂದೇ ಮೊದಲ ಸಲ ಇಲ್ಲೂ ಬದುಕಬಹುದೇನೋ ಅನ್ನಿಸಿತು.

2007ರಲ್ಲಿ ಅವರದ್ದೂ ಮುಗಿಯಿತು. ಬೇರೆ ಊರುಗಳಲ್ಲಿ ಎಷ್ಟೋ ಮೊದಲೇ ಮುಗಿದಿತ್ತು. ಪಿಟ್ಸ್‌ಬರ್ಗ್‌ನ ಬಿಲ್ ಕಾರ್ಡಿಲ್ 1963ರಿಂದ 1983ರ ತನಕ ಇಪ್ಪತ್ತು ವರ್ಷ ನಡೆಸಿದ್ದರು. ಕೇಬಲ್ ಬಂತು, ವಿಸಿಆರ್ ಬಂತು. 1984ರಲ್ಲಿ ಸರ್ಕಾರ ಟಿವಿ ಜಾಹೀರಾತಿನ ಹೊತ್ತಿಗಿದ್ದ ಮಿತಿ ತೆಗೆದುಹಾಕಿತು. ಮಧ್ಯರಾತ್ರಿಯ ಅರ್ಧರ್ಧ ಗಂಟೆಯನ್ನೇ ಚಾಕು ಮಾರುವವರಿಗೆ, ಹೊಟ್ಟೆ ಕರಗಿಸುವ ಯಂತ್ರ ಮಾರುವವರಿಗೆ ಕೊಟ್ಟರೆ ಸ್ಟೇಷನ್ನಿಗೆ ಕೂತಲ್ಲೇ ದುಡ್ಡು. ವೇಷದವನಿಗೆ ಸಂಬಳ ಯಾಕೆ ಕೊಡಬೇಕು? ನನ್ನ ಪ್ರಕಾರ ಈ ದೆವ್ವಗಳನ್ನು ಓಡಿಸಿದ ಮಂತ್ರವಾದಿಗಳಲ್ಲಿ ಆ ಚಾಕು ಮಾರುವವನೂ ಒಬ್ಬ.

ಎಲ್ಲಿ ಮುಗಿಯಿತು, ನಮ್ಮ ಹಾರರ್ ಹೋಸ್ಟ್ ಸ್ವೆಂಗೂಲಿ ಇನ್ನೂ ಇದ್ದಾನಲ್ಲ ಅಂತ ಶಿಕಾಗೋ ಕಡೆಯ ಸ್ನೇಹಿತರು ಜಗಳಕ್ಕೆ ಬರುತ್ತೀರಿ, ಗೊತ್ತು. 1970ರಲ್ಲಿ ಜೆರ್ರಿ ಜಿ. ಬಿಷಪ್ ಶುರುಮಾಡಿದ ಪಾತ್ರ, ಅವರಿಗೆ ಅಭಿಮಾನಿಯಾಗಿ ಜೋಕು ಬರೆದು ಕಳಿಸುತ್ತಿದ್ದ ಹುಡುಗ ರಿಚ್ ಕಾಜ್ 1979ರಲ್ಲಿ 'ಸ್ವೆಂಗೂಲಿಯ ಮಗ' ಆಗಿ ಮುಂದುವರಿಸಿದ್ದು, 2011ರಿಂದ ಮೀಟಿವಿ ಅನ್ನುವ ಚಾನೆಲ್‌ನಲ್ಲಿ ದೇಶಕ್ಕೆಲ್ಲ ಬಂದದ್ದು. ಗುರುಶಿಷ್ಯ ಪರಂಪರೆ ಅಂದರೆ ನನಗೂ ಪ್ರೀತಿ. ಕೆಟ್ಟ ಜೋಕು ಹೇಳಿದಾಗ ರಬ್ಬರ್ ಕೋಳಿ ಎಸೆಯುವುದೂ ಇಷ್ಟ. ಅವರಿಗೂ ಒಂದು ಪಾರ್ಮಾ ಇದೆ, ಬರ್ವಿನ್ ಅಂತ, ಶಿಕಾಗೋ ಪಕ್ಕದ್ದು. ಆದರೆ ಟೆಕ್ಸಸ್‌ನಲ್ಲಿ ಕೂತವನಿಗೆ ಬರ್ವಿನ್ ಅಂದರೆ ಏನು? ಒಂದು ತಮಾಷೆಯ ಶಬ್ದ, ಅಷ್ಟೇ. ಬರ್ವಿನ್‌ನಲ್ಲಿ ಸೋಫಾ ಮೇಲೆ ಕೂತು ಸಿಟ್ಟಾಗುವ ಅಪ್ಪ ಅವನಿಗೆ ಗೊತ್ತಿಲ್ಲ. ಕಾರ್ಯಕ್ರಮ ಉಳಿಯಿತು, ಸಂತೋಷ. ಆದರೆ ನಾನು ಹೇಳುತ್ತಿರುವುದು ಬೇರೆ. ಇವತ್ತು ಬೆಂಗಳೂರಿನಲ್ಲಿ ಕೂತು ಫೋನಿನಲ್ಲಿ ರೀಲ್ಸ್ ನೋಡುವಾಗಲೂ ನನಗೆ ಅದೇ ಕೊರತೆ. ಸಾವಿರ ಜನ ನಗಿಸುತ್ತಾರೆ, ನಮ್ಮ ಬೀದಿ ಗುಂಡಿಯ ಹೆಸರು ಹಿಡಿದು ನಗಿಸುವವನು ಒಬ್ಬನೂ ಇಲ್ಲ.

ಗೇಲಿ ಎಲ್ಲ ಒಳ್ಳೆಯದು ಅಂತಲೂ ನಾನು ಹೇಳುವುದಿಲ್ಲ. ಓನರಮ್ಮನ ಅಪ್ಪನಿಗೆ ನೋವಾಗಿತ್ತು, ಅದು ನಿಜ. ಆಂಡರ್ಸನ್ ಪಾರ್ಮಾದವರಲ್ಲ, ಕ್ಲೀವ್‌ಲ್ಯಾಂಡ್‌ನವರೂ ಅಲ್ಲ, ಮ್ಯಾಸಚೂಸೆಟ್ಸ್ ಕಡೆಯಿಂದ ಬಂದವರು. ಹೊರಗಿನವರೊಬ್ಬರು ಬಂದು ದುಡಿಯುವ ಜನರ ಸಾಕ್ಸ್ ನೋಡಿ ನಗುವುದು ಎಷ್ಟು ಸರಿ? ಈ ಪ್ರಶ್ನೆಯನ್ನು ನಾನು ಓನರಮ್ಮನಿಗೆ ಕೇಳಿದ್ದೆ. ಅವರು ಉತ್ತರ ಕೊಡಲಿಲ್ಲ. ಕಿಟಕಿಯ ಹೊರಗೆ ಕೈ ತೋರಿಸಿದರು. ಹಿತ್ತಲಲ್ಲಿ ಹಿಮದೊಳಗೆ ಮಂಡಿತನಕ ಹೂತುಕೊಂಡು ಗುಲಾಬಿ ಬಣ್ಣದ ಎರಡು ಪ್ಲಾಸ್ಟಿಕ್ ಹಕ್ಕಿ ನಿಂತಿದ್ದವು.

ನಾವು ವಾಪಸ್ ಬಂದು ವರ್ಷಗಳಾದವು. ಇಲ್ಲಿ ಯಾರಾದರೂ ಅಮೆರಿಕದಲ್ಲಿ ಎಲ್ಲಿದ್ರಿ ಅಂದರೆ "ಪಾಆಆರ್ಮಾ" ಅಂತಲೇ ಹೇಳುತ್ತೇನೆ, ರಾಗ ಎಳೆದು. ಯಾರೂ ನಗುವುದಿಲ್ಲ. ಹೋದ ತಿಂಗಳು ಆಫೀಸಿಗೆ ಅಮೆರಿಕದಿಂದ ಒಬ್ಬ ಹಿರಿಯರು ಬಂದಿದ್ದರು, ಇನ್ನೇನು ನಿವೃತ್ತಿಯಾಗುವ ವಯಸ್ಸು. ಊಟದ ಹೊತ್ತಿನಲ್ಲಿ ಅದೇ ಪ್ರಶ್ನೆ ಬಂತು, ನಾನು ಅದೇ ಉತ್ತರ ಕೊಟ್ಟೆ. ಮನುಷ್ಯ ಕೈಯಲ್ಲಿದ್ದ ಚಪಾತಿ ಹಾಗೇ ಬಿಟ್ಟು ಮೇಜು ತಟ್ಟಿಕೊಂಡು ನಗತೊಡಗಿದರು. ಸುತ್ತ ಕೂತ ಹುಡುಗರಿಗೆ ಗಾಬರಿ. ಕಣ್ಣು ಒರೆಸಿಕೊಂಡು, ಬಗ್ಗಿ, ಮೇಜಿನ ಕೆಳಗೆ ನನ್ನ ಕಾಲಿನಲ್ಲಿ ಎಂಥ ಸಾಕ್ಸ್ ಇದೆ ಅಂತ ನೋಡಿದರು. ಚಪ್ಪಲಿ ಹಾಕಿದ್ದೆ.