ನೆನಪಿರಲ್ಲ ಅನ್ನೋದು ಅರ್ಧ ಸತ್ಯ
‘ನಾಲ್ಕು ವರ್ಷದ ಮಗುವಿಗೆ ಹುಟ್ಟುಹಬ್ಬ ನೆನಪಿರಲ್ಲ, ಸಂಭ್ರಮವೆಲ್ಲ ಅಪ್ಪ-ಅಮ್ಮನಿಗೆ’ ಅಂತ ಬರೆದಿದ್ದೀರಿ. ದೊಡ್ಡವರಾದ ಮೇಲೆ ಮೂರು, ಮೂರೂವರೆ ವರ್ಷಕ್ಕೂ ಹಿಂದಿನದು ಹೆಚ್ಚಿನವರಿಗೆ ನೆನಪಿರಲ್ಲ, ಸರಿ. ಆದರೆ ಆ ವಯಸ್ಸಲ್ಲಿ ಮಕ್ಕಳಿಗೆ ತಿಂಗಳುಗಟ್ಟಲೆ ನೆನಪಿರುತ್ತೆ. ಮಸುಕಾಗೋದು ಏಳೆಂಟು ವರ್ಷದ ಹೊತ್ತಿಗೆ.

ಕಳೆದ ವರ್ಷ ಮಗಳಿಗೆ ಜ್ವರ ಬಂದು ಕೇಕ್ ಕತ್ತರಿಸೋದನ್ನು ಮುಂದೂಡಿದೆವು. ಹತ್ತು ದಿನ ಯಾರು ವಯಸ್ಸು ಕೇಳಿದರೂ ಮೂರೇ ಬೆರಳು ತೋರಿಸಿದಳು, ‘ಇನ್ನೂ ಮೇಣದಬತ್ತಿ ಊದಿಲ್ವಲ್ಲ!’ ಪಾರ್ಟಿ ಆದರೇನೇ ವಯಸ್ಸು ಏರೋದು ಅಂತ ಈ ವಯಸ್ಸಿನ ಎಷ್ಟೋ ಮಕ್ಕಳು ನಂಬಿರುತ್ತಾರೆ. ಊದಿದ ಮರುಕ್ಷಣವೇ ಮಡಚಿಟ್ಟಿದ್ದ ನಾಲ್ಕನೇ ಬೆರಳು ಎದ್ದಿತು. ನೂರು ಜನರನ್ನು ಕರೆಯೋದು ನಮ್ಮ ಚಪಲ, ಒಪ್ಪಿದೆ. ಅವಳು ಕೇಳಿದ್ದು ಮೇಣದಬತ್ತಿ ಮಾತ್ರ.