ಕುದುರೆಯ ಬಾಡಿ ಬಂದಿದೆ, ಬಿಡಿಸಿಕೊಳ್ಳಿ

ಪಾರ್ಸೆಲ್ ಮೇಲೆ ಬರೆದದ್ದು ಇಷ್ಟೇ: ‘ಹಾರ್ಸ್ ಬಾಡಿ, ಯೂಸ್ಡ್’. ಅಷ್ಟಕ್ಕೇ ನಮ್ಮ ಅಕ್ಕನ ಮಗಳು ಧಾರವಾಡದಿಂದ ಬೆಂಗಳೂರಿಗೆ ಎರಡು ಸಲ ರೈಲು ಹತ್ತಿದಳು. ಜೊತೆಗೆ ಚೀಲ ಹೊರೋಕೆ ನಾನು.

ಮಾಡೆಲ್ ಕುದುರೆ, ಅಂದರೆ ನಿಜದ್ದರಂತೆಯೇ ಕಾಣುವ ಪುಟ್ಟ ಕುದುರೆಯ ಹುಚ್ಚಿರುವವರು ಗೀರು ಬಿದ್ದ, ಬಣ್ಣ ಹೋದ ಹಳೆ ಕುದುರೆಗೆ ಬಾಡಿ ಅನ್ನುತ್ತಾರೆ. ಅಗ್ಗಕ್ಕೆ ಸಿಗುತ್ತೆ, ತಂದು ತಿದ್ದಿ ಬೇರೆ ಕುದುರೆ ಮಾಡುತ್ತಾರೆ. ನಮ್ಮ ಕಡೆ ಬಾಡಿ ಬಂತು ಅಂದರೆ ಅಳುವವರೂ ಬರಬೇಕು. ಕಸ್ಟಮ್ಸ್ ಕೌಂಟರಿನ ಸಾಹೇಬರು ಕನ್ನಡಕ ಏರಿಸಿ ಕೇಳಿದರು: “ಪಶುವೈದ್ಯರ ಸರ್ಟಿಫಿಕೇಟ್ ಇದೆಯಾ?”

ಒಂಬತ್ತು ಇಂಚಿನ ಪ್ಲಾಸ್ಟಿಕ್ ಕುದುರೆಗೆ! ಅಮೆರಿಕದ ಬ್ರೇಯರ್ ಕಂಪನಿಯದು. ಅವರು ಮೊದಲು ಕುದುರೆ ಮಾಡಿದ್ದು 1950ರಲ್ಲಿ, ಒಂದು ಗಡಿಯಾರಕ್ಕೆ ಜೋಡಿಸಲು. ಜನ ಗಡಿಯಾರ ಬಿಟ್ಟು ಕುದುರೆ ಕೇಳಿದರಂತೆ. ಇಂದು ಅಲ್ಲಿ ಅದಕ್ಕೆ ಷೋ, ಜಡ್ಜ್, ರಿಬ್ಬನ್ ಎಲ್ಲ ಇದೆ. ನಮ್ಮ ಹುಡುಗಿ ಕುದುರೆಯ ಕಾಲಿಗೆ ಬಿಸಿ ಗಾಳಿ ಹಿಡಿದು ಬಗ್ಗಿಸುತ್ತಾಳೆ. ಬಗ್ಗದಿದ್ದರೆ ಕೊಯ್ದು ಎಪಾಕ್ಸಿ ಅನ್ನೋ ಗಟ್ಟಿಯಾಗುವ ಅಂಟಿನಲ್ಲಿ ಹೊಸದು ಕೂರಿಸುತ್ತಾಳೆ. ಬಾಲಕ್ಕೆ ಮೊಹೇರ್, ಅಂದರೆ ಆಡಿನ ಕೂದಲು. ಈ ಸಲ ರಾಜಸ್ಥಾನದ ಮಾರ್ವಾಡಿ ತಳಿಯ ಕುದುರೆ ಮಾಡಬೇಕಂತೆ, ಕಿವಿ ತುದಿ ಒಳಕ್ಕೆ ಬಾಗಿ ಒಂದಕ್ಕೊಂದು ತಾಗಬೇಕು. ಆ ತಳಿಗೆ ಇಲ್ಲದ ಬಣ್ಣ ಬಳಿದರೆ ಜಡ್ಜ್ ಅಂಕ ಕತ್ತರಿಸುತ್ತಾರೆ.

ಷೋಗೆ ಹೋಗೋಕೆ ದುಡ್ಡಿಲ್ಲ, ಫೋಟೋ ಕಳಿಸುತ್ತಾಳೆ. ಕೆಲಗೇರಿ ಕೆರೆ ದಂಡೆಯಲ್ಲಿ ಹೊಟ್ಟೆ ಮೇಲೆ ಮಲಗಿ ಕುದುರೆ ಫೋಟೋ ಹೊಡೆಯುವಾಗ ವಾಕಿಂಗ್ ಬಂದ ಅಜ್ಜ ಒಬ್ಬರು ನಿಂತರು. “ತಂಗಿ, ಏನರ ಕಳಕೊಂಡಿ ಏನು?” ಅವಳು ಕುದುರೆ ತೋರಿಸಿದಳು. ಅಜ್ಜ ಸ್ವಲ್ಪ ಹೊತ್ತು ನೋಡಿ, “ಹುಲ್ಲು ಭಾಳ ದೊಡ್ಡದಾತು” ಅಂದರು. ಜಡ್ಜ್ ಕೂಡ ಅದನ್ನೇ ಹೇಳೋದು.

ಇರಲಿ. ಬಾಡಿ ಅಲ್ಲ ಅಂತಾದ ಮೇಲೆ ಅದು ಆಟಿಕೆ ಆಯಿತು. ಕೇಂದ್ರ ಸರ್ಕಾರದ ಆದೇಶದಂತೆ ಆಟಿಕೆಗೆ 2021ರ ಜನವರಿ 1ರಿಂದ ಐಎಸ್‌ಐ ಮಾರ್ಕ್ ಬೇಕೇಬೇಕು. ಆಮದು ಸುಂಕ ಶೇ. 20 ಇದ್ದದ್ದು 2020ರಲ್ಲಿ ಶೇ. 60, 2023ರಲ್ಲಿ ಶೇ. 70. ಕುದುರೆ ನಿಂತಲ್ಲೇ ನಿಂತಿದೆ, ಸುಂಕದ್ದೇ ನಾಗಾಲೋಟ. ಆಟಿಕೆ ಅಂದರೆ 14 ವರ್ಷದೊಳಗಿನ ಮಕ್ಕಳು ಆಡುವಂಥದ್ದು ಅಂತ ಆ ಆದೇಶದಲ್ಲೇ ಇದೆ. ಹುಡುಗಿ ಪ್ರಿಂಟ್ ತೆಗೆದು ತಂದಿದ್ದಳು. “ಸರ್, ನನಗೆ 32.” ಸಾಹೇಬರು ಪ್ರೀತಿಯಿಂದ ನಕ್ಕರು. “ಆಡೋಕೆ ವಯಸ್ಸೇನು ಮೇಡಂ?” ಎಂಥ ಮಾತು! ಕೈಮುಗಿಯಬೇಕು ಅನಿಸಿತು.

ಆದೇಶದಲ್ಲಿ ವಿನಾಯಿತಿಯೂ ಇದೆ. ನೋಂದಾಯಿತ ಕುಶಲಕರ್ಮಿಗಳಿಗೆ, ಚನ್ನಪಟ್ಟಣ, ಕಿನ್ನಾಳದಂಥ ಜಿಐ (ಊರಿನ ಹೆಸರಿನ ಅಧಿಕೃತ ಗುರುತು) ಪಡೆದ ಗೊಂಬೆಗಳಿಗೆ ಐಎಸ್‌ಐ ಬೇಡ. ಹಾಗಾದರೆ ಮಣ್ಣೆತ್ತಿನ ಅಮಾವಾಸ್ಯೆಗೆ ನಮ್ಮ ಪೇಟೆಯಲ್ಲಿ ಎರೆಮಣ್ಣಿನ ಎತ್ತು ಮಾರುವ ಕುಂಬಾರಗಿತ್ತಿ? ಅವಳು ಎಲ್ಲಿ ನೋಂದಾಯಿಸಿದ್ದಾಳೆ? ಎತ್ತು ಪೂಜೆಗೂ ಹೌದು, ಮಕ್ಕಳ ಆಟಕ್ಕೂ ಹೌದು. ಮರುದಿನ ಹುಡುಗರು ಮನೆಮನೆಗೆ ಬಂದು “ಎಂಟೆತ್ತಿನಾಗ ಒಂದು ಕುಂಟೆತ್ತು ಬಂದೈತಿ, ಜ್ವಾಳಾ ನೀಡ್ರಿ” ಅನ್ನುತ್ತಾರಲ್ಲ, ಅವರಿಗೂ ರಸೀದಿ ಪುಸ್ತಕ ಕೊಡಬೇಕಾದೀತು. ಜೋಳದ ಮೇಲೆ ಸುಂಕ ಎಷ್ಟೋ.

ನಿಯಮ ತಪ್ಪು ಅಂತ ನಾನು ಹೇಳಲ್ಲ. ವಿಷದ ಬಣ್ಣದ ಗೊಂಬೆ ಮಗುವಿನ ಬಾಯಿಗೆ ಹೋಗಬಾರದು, ಸರಿ. ಆದರೆ ಈ ಹುಡುಗಿ ಕೇಳಿದ್ದು ಒಂದೇ: “ಯಾಕೆ ಬಿಡಲ್ಲ ಅಂತ ಬರೆದು ಕೊಡಿ.” ಬರೆದು ಕೊಡುವ ಪದ್ಧತಿ ಇಲ್ಲವಂತೆ. ಬಾಯಲ್ಲಿ ಹೇಳುತ್ತಾರೆ, ನಾಳೆ ಬನ್ನಿ ಅನ್ನುತ್ತಾರೆ, ನಾಳೆ ಬೇರೆಯವರು ಕೂತಿರುತ್ತಾರೆ. ನಾಲ್ಕು ದಿನದ ರಜೆ ಹೋಯಿತು, ಸಂಬಳ ಕಟ್. ಅವಳಿಗಾದರೆ ಇಂಗ್ಲಿಷ್ ಬರುತ್ತೆ, ಪ್ರಿಂಟ್ ತೆಗೆಯೋಕೆ ಗೊತ್ತು. ಅದೂ ಇಲ್ಲದವರು ಆ ಬೆಂಚಿನ ಮೇಲೆ ಬೆಳಿಗ್ಗೆಯಿಂದ ಕೂತಿದ್ದರು. ಬೇಜಾರು, ಅಷ್ಟೇ.

ಕೊನೆಗೆ ಹೆಂಗೋ ಬಂತು. ಯಾವ ಲೆಕ್ಕದಲ್ಲಿ ಬಿಟ್ಟರು ಅಂತ ಕೇಳಬೇಡಿ, ರಸೀದಿಯಲ್ಲಿ ‘ಇತರೆ’ ಅಂತಿದೆ. ಡಬ್ಬ ಬಿಚ್ಚಿದರೆ ತಪಾಸಣೆಯಲ್ಲಿ ಹಿಂಗಾಲು ಮುರಿದಿತ್ತು. ನಾನು ಕೂಗಾಡೋಕೆ ಬಾಯಿ ತೆಗೆದೆ. ಅವಳು ಮುರಿದ ಕಾಲನ್ನು ಬೆಳಕಿಗೆ ಹಿಡಿದು ನೋಡಿದಳು.

“ಇರ್ಲಿ ಬಿಡು ಮಾಮಾ. ಆ ಕಾಲು ಹೆಂಗಿದ್ರೂ ನಾನ ಕೊಯ್ಯಾಕಿ ಇದ್ದೆ.”